ಅರ್ಜಿ ತುಂಬುವವರ ಪರವಾಗಿ

ತಾಲ್ಲೂಕು ಕಚೇರಿಯ ಎದುರು, ಬಸ್ ನಿಲ್ದಾಣದ ಪಕ್ಕ ಸೈಬರ್ ಸೆಂಟರ್‌ಗಳು ಇರುವುದನ್ನು ನೀವೆಲ್ಲ ನೋಡಿದ್ದೀರಿ. ಶಾಲೆ ಕಾಲೇಜು ತೆರೆಯುವ ಹೊತ್ತಿಗೆ ಅಲ್ಲಿ ಜನ ಬೀದಿಯವರೆಗೂ ಸಾಲುಗಟ್ಟಿ ನಿಂತಿರುತ್ತಾರೆ. ಒಬ್ಬರಿಗೆ ಆದಾಯ ಪ್ರಮಾಣಪತ್ರ ಬೇಕು, ಇನ್ನೊಬ್ಬರಿಗೆ ಮಗಳ ವಿದ್ಯಾರ್ಥಿವೇತನದ ಅರ್ಜಿ ಹಾಕಬೇಕು. ಸಾಲಿನಲ್ಲಿರುವ ಎಷ್ಟೋ ಜನರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುತ್ತದೆ. ಅದೇ ಫೋನಿನಲ್ಲಿ ಅವರು ತರಕಾರಿ ಅಂಗಡಿಗೆ ದುಡ್ಡು ಕಳಿಸುತ್ತಾರೆ, ದೂರದೂರಿನಲ್ಲಿರುವ ಮಗನ ಮುಖ ನೋಡಿ ಮಾತಾಡುತ್ತಾರೆ. ಅರ್ಜಿ ತುಂಬುವುದಕ್ಕೆ ಮಾತ್ರ ಇನ್ನೊಬ್ಬರಿಗೆ ಹಣ ಕೊಡುತ್ತಾರೆ. ಯಾಕೆ ಎಂದು ಕೇಳಿದರೆ, ‘ಅದೆಲ್ಲ ನಮಗೆ ಬರೋದಿಲ್ಲ’ ಅನ್ನುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ಬರುತ್ತದೆ. ಅವರ ಮುಂದೆ ಇಟ್ಟ ವೆಬ್‌ಸೈಟ್ ಸರಿಯಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಇದನ್ನೇ: ವೆಬ್‌ಸೈಟ್‌ಗಳು ಬಳಸುವವರನ್ನು ಎಲ್ಲೆಲ್ಲಿ ಎಡವಿಸುತ್ತವೆ, ಅದನ್ನು ಸರಿಪಡಿಸುವುದು ಹೇಗೆ. ಈ ಭಾಷಣ ಕೇಳುತ್ತಿರುವವರಲ್ಲಿ ಅರ್ಜಿ ತುಂಬುವವರೂ ಇದ್ದೀರಿ, ಬೆಂಗಳೂರಿನಲ್ಲೋ ಮೈಸೂರು ಹುಬ್ಬಳ್ಳಿಗಳಲ್ಲೋ ಕೂತು ಅಂಥ ವೆಬ್‌ಸೈಟ್‌ಗಳನ್ನು ಕಟ್ಟುವವರೂ ಇದ್ದೀರಿ. ನನ್ನ ಮಾತು ಇಬ್ಬರಿಗೂ.

ವಸ್ತುಗಳನ್ನು ಬಳಸುವಾಗ ತಪ್ಪಾದರೆ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲೇ ಒಂದು ಪುಸ್ತಕದಲ್ಲಿ ವಿವರವಾಗಿ ಬರೆದರು. ಬಾಗಿಲು, ನಲ್ಲಿ, ಒಲೆಯ ಗುಂಡಿ, ಇವುಗಳನ್ನು ಇಟ್ಟುಕೊಂಡೇ ಅವರು ವಾದಿಸಿದ್ದು: ಒಂದೇ ಜಾಗದಲ್ಲಿ ಹಲವರು ತಪ್ಪುತ್ತಿದ್ದರೆ ದೋಷ ಆ ವಸ್ತುವಿನ ವಿನ್ಯಾಸದ್ದು. ಓದುಬರಹ ಕಡಿಮೆ ಇದ್ದವರು ಮಾತ್ರ ಎಡವುತ್ತಾರೆ ಎಂದೂ ತಿಳಿಯಬೇಡಿ. 2020ರ ಆಗಸ್ಟಿನಲ್ಲಿ ಸಿಟಿಬ್ಯಾಂಕ್‌ನಲ್ಲಿ ನಡೆದದ್ದು ಜಗತ್ತಿಗೆಲ್ಲ ಗೊತ್ತು. ರೆವ್ಲಾನ್ ಎಂಬ ಕಂಪನಿಯ ಸಾಲಕ್ಕೆ ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ಸಾಲದಾತರಿಗೆ ಕಳಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್. ಅಸಲು ಬ್ಯಾಂಕಿನೊಳಗೇ ಉಳಿಯಬೇಕಾದರೆ ಪರದೆಯ ಮೇಲೆ ಮೂರು ಚೌಕಗಳಿಗೆ ಗುರುತು ಹಾಕಬೇಕಿತ್ತು. ಹೆಸರು ನೋಡಿದರೆ ಒಂದೇ ಸಾಕು ಅನ್ನಿಸುವಂತಿತ್ತು, ಒಂದಕ್ಕೇ ಹಾಕಿದರು. ದಿನವೂ ಇದೇ ಕೆಲಸ ಮಾಡುವ ಮೂವರು ನೋಡಿ, ಸರಿ ಎಂದು ಒಪ್ಪಿಗೆ ಕೊಟ್ಟ ಮೇಲೆ ಹಣ ಹೋಯಿತು. ನುರಿತ ಮೂವರನ್ನು ಒಂದು ಪರದೆ ಹೀಗೆ ದಾರಿ ತಪ್ಪಿಸಬಹುದಾದರೆ, ಮೊದಲ ಸಲ ಪಿಂಚಣಿಯ ಅರ್ಜಿ ತೆರೆದ ಅಜ್ಜಿಯನ್ನು ದಡ್ಡಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಅರ್ಜಿಯ ಮೊದಲ ಸಾಲಿನಿಂದಲೇ ತೊಂದರೆ ಶುರುವಾಗುತ್ತದೆ. ಹೆಸರು. ಮೊದಲ ಹೆಸರು ಒಂದು ಚೌಕ, ನಡುವಿನ ಹೆಸರು ಇನ್ನೊಂದು, ಕೊನೆಯ ಹೆಸರು ಮತ್ತೊಂದು. ಕೊನೆಯದು ಕಡ್ಡಾಯ, ಪಕ್ಕದಲ್ಲಿ ಕೆಂಪು ನಕ್ಷತ್ರ. ನಮ್ಮ ಇಬ್ಬರು ಜ್ಞಾನಪೀಠ ಕವಿಗಳನ್ನು ಈ ಅರ್ಜಿಯ ಮುಂದೆ ಕೂರಿಸಿ ನೋಡೋಣ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತಮ್ಮ ಹೆಸರು, ತಂದೆಯ ಹೆಸರು, ಮನೆತನದ ಹೆಸರು. ಮೂರು ಚೌಕಕ್ಕೂ ಸರಿಯಾಗಿ ಕೂತವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ತಂದೆ, ಆಮೇಲೆ ತಾವು. ‘ಮೊದಲ ಹೆಸರು’ ಎಂಬಲ್ಲಿ ಕುವೆಂಪು ಊರ ಹೆಸರು ಬರೆಯಬೇಕೋ, ಪುಟ್ಟಪ್ಪ ಎಂದು ಬರೆಯಬೇಕೋ? ಕೊನೆಯ ಹೆಸರಿಗೆ ಏನು ಕೊಡಬೇಕು? ಒಂದೇ ರಾಜ್ಯ, ಒಂದೇ ಭಾಷೆ, ಧಾರವಾಡದ ಪದ್ಧತಿ ಬೇರೆ, ಮಲೆನಾಡಿನದು ಬೇರೆ. ಬರೀ ಇನಿಷಿಯಲ್ ಇಟ್ಟುಕೊಂಡವರಿದ್ದಾರೆ, ಒಂದೇ ಹೆಸರಿನಲ್ಲಿ ಬದುಕು ಕಳೆದವರಿದ್ದಾರೆ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದದ್ದು, ಹೀಗಾಗಿ ಒಬ್ಬರೇ ಮನುಷ್ಯ ಮೂರು ದಾಖಲೆಗಳಲ್ಲಿ ಮೂವರಾಗುತ್ತಾರೆ. ಆಮೇಲೆ ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂದು ಅರ್ಜಿ ವಾಪಸು ಬರುತ್ತದೆ.

ಪರಿಹಾರ ಬಹಳ ಸರಳ. ಒಂದೇ ಚೌಕ ಕೊಡಿ. ‘ಪೂರ್ಣ ಹೆಸರು, ನಿಮ್ಮ ಆಧಾರ್ ಕಾರ್ಡಿನಲ್ಲಿ ಇರುವಂತೆ’ ಎಂದು ಬರೆಯಿರಿ. ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1994ರಲ್ಲಿ ಕಟ್ಟಿದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಕೂಡ ಇದನ್ನೇ ಹೇಳುತ್ತದೆ: ಹೆಸರನ್ನು ತುಂಡು ಮಾಡುವ ಅಗತ್ಯ ನಿಜವಾಗಿಯೂ ಇದೆಯೇ ಎಂದು ಮೊದಲು ಕೇಳಿಕೊಳ್ಳಿ.

ಈಗ ಅದೇ ಹೆಸರನ್ನು ಕನ್ನಡದಲ್ಲಿ ಬರೆಯಲು ಹೊರಡಿ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದನ್ನು ಬೇರೆ ಯಾರೂ ಬಂದು ನಮಗಾಗಿ ಸರಿಪಡಿಸುವುದಿಲ್ಲ. ಕೃಷ್ಣಮೂರ್ತಿ ಎಂದು ಬರೆದಿರಿ ಎನ್ನಿ. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ: ಕೃ, ಷ್ಣ, ಮೂ, ರ್ತಿ. ಕಂಪ್ಯೂಟರಿಗೆ ಅದು, ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಎಂಬ ಪದ್ಧತಿಯ 11 ಸಂಕೇತಗಳು. ಬೈಟ್ ಲೆಕ್ಕದಲ್ಲಿ ಸಾಮಾನ್ಯವಾಗಿ 33. ಇಂಗ್ಲಿಷ್ ಹೆಸರಿಗೆ ಮೂವತ್ತು ಬೈಟ್ ಸಾಕು ಎಂದು ಯಾರೋ ಎಂದೋ ಮಿತಿ ಹಾಕಿಟ್ಟಿದ್ದರೆ ಕೃಷ್ಣಮೂರ್ತಿಯ ಹೆಸರು ಕೊನೆಯಲ್ಲಿ ತುಂಡಾಗುತ್ತದೆ. ಇನ್ನೊಂದು ಕಡೆ ‘ಅಕ್ಷರಗಳನ್ನು ಮಾತ್ರ ಬಳಸಿ’ ಎಂದು ತಡೆ ಹಾಕಿರುತ್ತಾರೆ. ಯೂನಿಕೋಡ್ ನಮ್ಮ ಗುಣಿತದ ಚಿಹ್ನೆಗಳನ್ನು, ಒತ್ತು ಕೂಡಿಸುವ ವಿರಾಮವನ್ನು ಅಕ್ಷರಗಳ ಗುಂಪಿನಲ್ಲಿ ಸೇರಿಸದೆ, ಚಿಹ್ನೆಗಳು ಎಂಬ ಬೇರೆ ಗುಂಪಿನಲ್ಲಿ ಇಟ್ಟಿದೆ. ತಡೆಯನ್ನು ಬರೆದವರಿಗೆ ಇದು ತಿಳಿದಿರದಿದ್ದರೆ ರವಿ ಎಂಬ ಹೆಸರಿನ ಗುಡಿಸೇ ತಪ್ಪಾಗಿ ಕಾಣುತ್ತದೆ. ರವಿ ಮೂರು ಸಲ ಬರೆದು, ಮೂರು ಸಲವೂ ‘ಸರಿಯಾದ ಹೆಸರು ನಮೂದಿಸಿ’ ಎಂದು ಹೇಳಿಸಿಕೊಂಡು, ಕೊನೆಗೆ ಎದ್ದು ಹೋಗುತ್ತಾನೆ. ಅವನ ಹೆಸರಿನಲ್ಲಿ ತಪ್ಪೇನಿದೆ?

ಅಂಕಿಗಳದ್ದೂ ಇದೇ ಕತೆ. ಕನ್ನಡ ಕೀಲಿಮಣೆಯಲ್ಲಿ ಕನ್ನಡ ಅಂಕಿ ಬಳಸಿ ಮೊಬೈಲ್ ಸಂಖ್ಯೆ ಬರೆದರೆ ಅನೇಕ ಕಡೆ ಅದು ಸಂಖ್ಯೆಯೇ ಅಲ್ಲ. ಒಳಗೆ ಒಂದು ಸಣ್ಣ ಪಟ್ಟಿ ಇಟ್ಟು ಕನ್ನಡದ ಹತ್ತು ಅಂಕಿಗಳನ್ನು ಇಂಗ್ಲಿಷಿನ ಹತ್ತಕ್ಕೆ ಬದಲಾಯಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಕನ್ನಡ ಲಿಪಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಸೇರಿದೆ. ಇಷ್ಟು ವರ್ಷಗಳಾದ ಮೇಲೆ, ತಂತ್ರಜ್ಞಾನ ಇನ್ನೂ ಬಂದಿಲ್ಲ ಎಂಬ ಸಬೂಬು ನಡೆಯುವುದಿಲ್ಲ. ಹಳೆಯ ಫಾಂಟ್ ಸಂಕೇತಗಳಲ್ಲಿ ಬರೆದಿಟ್ಟ ಸುತ್ತೋಲೆಗಳೂ, ಕಾಗದವನ್ನು ಫೋಟೊ ತೆಗೆದು ಪಿಡಿಎಫ್ ಮಾಡಿ ಏರಿಸಿದ ಆದೇಶಗಳೂ ಇನ್ನೂ ರಾಶಿ ರಾಶಿ ಇವೆ. ಅವು ಕಣ್ಣಿಗೆ ಕನ್ನಡ. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ಅಂಟಿಸಿದರೆ ಗೀಚುಗೀಚು, ದೃಷ್ಟಿಯಿಲ್ಲದವರ ಫೋನು ಅವನ್ನು ಓದಿ ಹೇಳುವುದಿಲ್ಲ.

ಅಕ್ಷರದ ಅಂದದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಿಮೆ ಒಂದು ಗೆರೆಯ ಮೇಲೆ ಕೂರುತ್ತವೆ. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಬೇಕು, ರಾಷ್ಟ್ರದಂಥ ಪದದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬೇಕು. ಇಂಗ್ಲಿಷಿಗೆ ಅಳೆದು ಮಾಡಿದ ಗುಂಡಿಯೊಳಗೆ ಕನ್ನಡ ತುಂಬಿದರೆ ಒತ್ತು ಕತ್ತರಿಸಿ ಹೋಗುತ್ತದೆ, ಹಳ್ಳಿ ಎಂದು ಬರೆದದ್ದು ಹಳಿ ಎಂದು ಕಾಣುತ್ತದೆ. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಹೆಚ್ಚು ಇಡಿ, ಅಕ್ಷರವನ್ನು ಇಂಗ್ಲಿಷಿಗಿಂತ ಒಂದು ಅಳತೆ ದೊಡ್ಡದು ಮಾಡಿ, ಗುಂಡಿ ತನ್ನೊಳಗಿನ ಪದಕ್ಕೆ ತಕ್ಕಂತೆ ಹಿಗ್ಗುವ ಹಾಗೆ ಬಿಡಿ. ‘ಕನ್ನಡ’ ಎಂಬ ಗುಂಡಿ ಒತ್ತಿದರೆ ಮೇಲಿನ ಪಟ್ಟಿ ಮಾತ್ರ ಕನ್ನಡವಾಗಿ, ತಪ್ಪಾದಾಗ ಬರುವ ಸೂಚನೆಗಳೆಲ್ಲ ಇಂಗ್ಲಿಷಿನಲ್ಲೇ ಉಳಿಯುವುದು ನನಗೆ ಎಲ್ಲಕ್ಕಿಂತ ನೋವಿನ ಸಂಗತಿ. ಮನುಷ್ಯನಿಗೆ ತನ್ನ ಭಾಷೆ ಅತ್ಯಂತ ಬೇಕಾಗುವುದು ಏನೋ ತಪ್ಪಾಗಿ ಗಾಬರಿಯಾದಾಗ.

ಆ ಸೂಚನೆಗಳಾದರೂ ಹೇಗಿರುತ್ತವೆ? ‘ಅಮಾನ್ಯ ಮಾಹಿತಿ’. ಯಾವ ಮಾಹಿತಿ? ಇಪ್ಪತ್ತು ಚೌಕಗಳಲ್ಲಿ ಯಾವುದು? ಹುಟ್ಟಿದ ದಿನಾಂಕದ ಪಕ್ಕದಲ್ಲೇ ‘ದಿನ, ತಿಂಗಳು, ವರ್ಷ, ಈ ಕ್ರಮದಲ್ಲಿ ಬರೆಯಿರಿ, ಉದಾಹರಣೆಗೆ 05-08-1962’ ಎಂದು ಹೇಳಿದ್ದರೆ ತಪ್ಪೇ ಆಗುತ್ತಿರಲಿಲ್ಲ. ತಪ್ಪು ಎಲ್ಲಾಗಿದೆಯೋ ಅಲ್ಲೇ ತೋರಿಸಬೇಕು, ಏನು ಮಾಡಬೇಕೆಂದು ಹೇಳಬೇಕು, ಉಳಿದ ಚೌಕಗಳಲ್ಲಿ ಬರೆದದ್ದನ್ನು ಹಾಗೆಯೇ ಉಳಿಸಿಕೊಡಬೇಕು. ಕೊನೆಯದು ಬಹಳ ಮುಖ್ಯ. ಅರ್ಧ ಗಂಟೆ ಕೂತು ತುಂಬಿದ್ದು ಒಂದು ತಪ್ಪಿಗೆ ಪೂರ್ತಿ ಅಳಿಸಿಹೋದರೆ ಎರಡನೆಯ ಸಲ ಕೂರುವ ತಾಳ್ಮೆ ಎಷ್ಟು ಜನರಿಗೆ ಇದ್ದೀತು?

ಸಮಯದ ಮಿತಿಯೂ ಹಾಗೆಯೇ. ಪಹಣಿ ತರಲು ಒಳಕೋಣೆಗೆ ಹೋಗಿ ಬರುವಷ್ಟರಲ್ಲಿ ‘ನಿಮ್ಮ ಅವಧಿ ಮುಗಿದಿದೆ’ ಎಂದು ಪರದೆ ಬೋಳಾಗಿರುತ್ತದೆ. ಭದ್ರತೆಗಾಗಿ ಮಿತಿ ಬೇಕು, ನಿಜ. ಆದರೆ ಅವಧಿ ಮುಗಿಯುವ ಮುನ್ನ ಎಚ್ಚರಿಸಿ, ಕನಿಷ್ಠ 20 ಸೆಕೆಂಡು ಕೊಟ್ಟು, ಒಂದು ಗುಂಡಿ ಒತ್ತಿದರೆ ಸಮಯ ವಿಸ್ತರಣೆಯಾಗುವಂತಿರಬೇಕು ಎಂದು ಅದೇ ಕನ್ಸಾರ್ಷಿಯಂನ ಸುಲಭಲಭ್ಯತೆಯ ಮಾರ್ಗಸೂಚಿ 2008ರ ಆವೃತ್ತಿಯಲ್ಲಿಯೇ ಹೇಳಿದೆ. 2023ರ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಅರ್ಜಿಯಲ್ಲಿ ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಬೇಡಿ ಎನ್ನುತ್ತದೆ. ತಿಳಿಬೂದು ಅಕ್ಷರಗಳನ್ನು ಬಿಳಿ ಹಿನ್ನೆಲೆಯ ಮೇಲೆ ಇಡುವ ಚಾಳಿಗೂ ಅದರಲ್ಲಿ ಅಳತೆ ಇದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಬೇಕು. ಹವಾನಿಯಂತ್ರಿತ ಕೋಣೆಯ ದೊಡ್ಡ ಪರದೆಯಲ್ಲಿ ಬೂದುಬಣ್ಣ ಚೆಂದ ಕಂಡೀತು. ಏಪ್ರಿಲ್ ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಿಂತು ಬೆಳೆ ವಿಮೆಯ ವಿವರ ನೋಡುವವನಿಗೆ ಏನೂ ಕಾಣುವುದಿಲ್ಲ.

ಫೋಟೊ ಏರಿಸುವ ವಿಚಾರ ಬಂದರೆ ನನಗೆ ಸಿಟ್ಟೇ ಬರುತ್ತದೆ. ‘ಫೋಟೊ 50 ಕೆಬಿ ಒಳಗಿರಬೇಕು.’ ಇವತ್ತಿನ ಸಾಧಾರಣ ಫೋನು ತೆಗೆಯುವ ಫೋಟೊ ಎರಡು ಮೂರು ಸಾವಿರ ಕೆಬಿ ತೂಗುತ್ತದೆ. ಅದನ್ನು ಕುಗ್ಗಿಸುವುದು ಹೇಗೆಂದು ಗೊತ್ತಿಲ್ಲದೆ ಜನ ಸೈಬರ್ ಸೆಂಟರ್‌ಗೆ ಓಡುತ್ತಾರೆ. ಏರಿಸಿದ ಫೋಟೊವನ್ನು ವೆಬ್‌ಸೈಟ್ ತಾನೇ ಕುಗ್ಗಿಸಿಕೊಳ್ಳಬಹುದು, ಬ್ರೌಸರ್‌ನಲ್ಲೇ ಆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಯಂತ್ರ ಮಾಡಬೇಕಾದ ಕೆಲಸವನ್ನು ಮನುಷ್ಯನ ತಲೆಗೆ ಕಟ್ಟಿ, ಅದಕ್ಕಾಗಿ ಅವನ ಜೇಬಿನಿಂದ ಹಣ ಖರ್ಚು ಮಾಡಿಸುವುದು ಅನ್ಯಾಯ.

ಇನ್ನೊಂದು ದೊಡ್ಡ ತೊಡಕು, ಬಾಗಿಲಲ್ಲೇ ತಡೆದು ನಿಲ್ಲಿಸುವುದು. ಏನಿದೆ ಎಂದು ನೋಡುವ ಮುನ್ನವೇ ಖಾತೆ ತೆರೆಯಿರಿ, ಪಾಸ್‌ವರ್ಡ್ ಇಡಿ, ಒಟಿಪಿ ಕೊಡಿ. ಇದರ ಪಾಠವನ್ನು ಅಮೆರಿಕ ಬಹಳ ದುಬಾರಿಯಾಗಿ ಕಲಿಯಿತು. ಆರೋಗ್ಯ ವಿಮೆಗಾಗಿ ಅಲ್ಲಿನ ಸರ್ಕಾರ ಹೆಲ್ತ್‌ಕೇರ್ ಡಾಟ್ ಗವ್ ಎಂಬ ಜಾಲತಾಣವನ್ನು 2013ರ ಅಕ್ಟೋಬರ್ 1ರಂದು ತೆರೆಯಿತು. ಲಕ್ಷಾಂತರ ಜನ ಮುಗಿಬಿದ್ದರು. ಮೊದಲ ದಿನ ಪೂರ್ತಿ ನೋಂದಣಿ ಮುಗಿಸಲಾದವರು 6 ಮಂದಿ. ಸರ್ವರ್‌ಗಳ ದೌರ್ಬಲ್ಯ, ಗುತ್ತಿಗೆಯ ಗೊಂದಲ, ಸಾಲದ ಪರೀಕ್ಷೆ, ಕಾರಣ ಹಲವಿದ್ದವು. ಅವುಗಳಲ್ಲಿ ಒಂದು, ವಿಮೆಯ ಯೋಜನೆಗಳನ್ನು ಸುಮ್ಮನೆ ನೋಡಬೇಕೆಂದವರೂ ಮೊದಲು ಖಾತೆ ತೆರೆಯಲೇಬೇಕಿತ್ತು. ನೋಡಲು ಬಂದವರೂ ಕೊಳ್ಳಲು ಬಂದವರೂ ಅದೊಂದೇ ಕಿಂಡಿಯಲ್ಲಿ ಸಿಕ್ಕಿಕೊಂಡರು. ವ್ಯಾಪಾರದ ಲೋಕದಲ್ಲಿ ಇದಕ್ಕೆ ತಿರುವುಮುರುವಾದ ಉದಾಹರಣೆಯನ್ನು ಬಳಕೆಯ ತಜ್ಞ ಜೇರೆಡ್ ಸ್ಪೂಲ್ 2009ರಲ್ಲಿ ಬರೆದರು. ಒಂದು ದೊಡ್ಡ ಅಂಗಡಿಯ ಜಾಲತಾಣದಲ್ಲಿ ‘ನೋಂದಾಯಿಸಿ’ ಎಂಬ ಗುಂಡಿಯನ್ನು ತೆಗೆದು ‘ಮುಂದುವರಿಯಿರಿ’ ಎಂದು ಇಟ್ಟರು, ಖಾತೆ ಕಡ್ಡಾಯವಲ್ಲ ಎಂದು ಒಂದು ಸಾಲು ಬರೆದರು. ಮೊದಲ ವರ್ಷವೇ 30 ಕೋಟಿ ಡಾಲರ್ ಹೆಚ್ಚು ವ್ಯಾಪಾರವಾಯಿತು.

ನಮ್ಮಲ್ಲೂ ಒಂದು ದೊಡ್ಡ ಪಾಠ ನಡೆದಿದೆ. 2021ರ ಏಪ್ರಿಲ್ 28ರಂದು 18ರಿಂದ 44 ವರ್ಷದವರಿಗೆ ಕೋವಿಡ್ ಲಸಿಕೆಯ ನೋಂದಣಿ ಶುರುವಾಯಿತು. ಸರ್ಕಾರದ ಕೋವಿನ್ ಜಾಲತಾಣದ ಮೂಲಕ ಮಾತ್ರ. ಎರಡನೆಯ ಅಲೆಯ ದಿನಗಳು, ಎಲ್ಲರಿಗೂ ನೆನಪಿದೆ. ವೇಗದ ಇಂಟರ್ನೆಟ್ ಇದ್ದವರು, ಇಂಗ್ಲಿಷ್ ಬಲ್ಲವರು, ಕ್ಷಣಕ್ಕೊಮ್ಮೆ ಪುಟ ಹೊಸದು ಮಾಡಿ ನೋಡಲು ಬಿಡುವಿದ್ದವರು ಜಾಗ ಹಿಡಿದರು. ಬೆಂಗಳೂರಿನವರು ಸುತ್ತಲಿನ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಜಾಗ ಕಾದಿರಿಸಿ ಕಾರಿನಲ್ಲಿ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಆ ಆಸ್ಪತ್ರೆಗಳಿದ್ದ ಊರುಗಳ ಕೂಲಿಯವರಿಗೆ ಜಾಗ ಸಿಗಲಿಲ್ಲ. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ಡಿಜಿಟಲ್ ಅಂತರದ ಬಗ್ಗೆ ಖಾರವಾಗಿಯೇ ಪ್ರಶ್ನಿಸಿತು. ದೃಷ್ಟಿಯಿಲ್ಲದವರಿಗೆ ಕೋವಿನ್ ಬಳಸಲಾಗುತ್ತಿಲ್ಲ, ಕ್ಯಾಪ್ಚಾವನ್ನು ಕೇಳಿ ತಿಳಿಯುವ ಸೌಲಭ್ಯವೂ ಇಲ್ಲ ಎಂಬುದನ್ನು ಗುರುತಿಸಿತು. ಜೂನ್‌ನಲ್ಲಿ ಕೋವಿನ್‌ಗೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳು ಬಂದವು. ಮೊದಲ ದಿನವೇ ಬರಬೇಕಿತ್ತು.

ಕ್ಯಾಪ್ಚಾ ಎಂಬ ಈ ಸೊಟ್ಟ ಅಕ್ಷರಗಳ ಪರೀಕ್ಷೆಗೆ ಆ ಹೆಸರು ಬಂದದ್ದು 2000ದ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. ಯಂತ್ರಗಳನ್ನು ಹೊರಗಿಡಲು ಹುಟ್ಟಿದ್ದು ಅದು. ಈಗಿನ ಯಂತ್ರಗಳು ಆ ಅಕ್ಷರಗಳನ್ನು ಸುಲಭವಾಗಿ ಓದುತ್ತವೆ, ಮಂದದೃಷ್ಟಿಯ ಮನುಷ್ಯರು ಹೊರಗೆ ಉಳಿಯುತ್ತಾರೆ. ಒಂದೇ ಕಡೆಯಿಂದ ಎಷ್ಟು ಪ್ರಯತ್ನ ಬರುತ್ತಿದೆ ಎಂದು ಸರ್ವರ್‌ನಲ್ಲಿ ಎಣಿಸಿ ತಡೆಯುವುದು, ಮನುಷ್ಯರ ಕಣ್ಣಿಗೆ ಬೀಳದ ಒಂದು ಚೌಕವನ್ನಿಟ್ಟು ಅದನ್ನು ತುಂಬುವ ಯಂತ್ರವನ್ನು ಹಿಡಿಯುವುದು, ಹೀಗೆ ಬಳಸುವವರಿಗೆ ಕಾಟ ಕೊಡದ ದಾರಿಗಳಿವೆ.

ಇದಕ್ಕಿಂತ ಕಠೋರವಾದದ್ದು ಕಣ್ಣು ಮಿಟುಕಿಸಿ ತೋರಿಸು ಎನ್ನುವ ಗುರುತು ಪರೀಕ್ಷೆ. ಆ್ಯಸಿಡ್ ದಾಳಿಯಲ್ಲಿ ಕಣ್ಣು, ಮುಖ ಕಳೆದುಕೊಂಡವರು ಮಿಟುಕಿಸುವುದು ಹೇಗೆ? ಬ್ಯಾಂಕ್ ಖಾತೆಗೂ ಸಿಮ್ ಕಾರ್ಡಿಗೂ ಅಡ್ಡಿಯಾದ ಈ ಪ್ರಶ್ನೆಯನ್ನು ಅಂಥವರೂ ದೃಷ್ಟಿಯಿಲ್ಲದವರೂ ಸುಪ್ರೀಂ ಕೋರ್ಟಿಗೆ ಒಯ್ದರು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟು, 20 ನಿರ್ದೇಶನಗಳನ್ನು ನೀಡಿತು. ವೆಬ್‌ಸೈಟ್ ಕಟ್ಟುವ ಗೆಳೆಯರು ಈ ತೀರ್ಪನ್ನು ದಯವಿಟ್ಟು ಓದಬೇಕು. ನೀವು ಇಡುವ ಒಂದು ಗುಂಡಿ ಈಗ ಒಬ್ಬರ ಮೂಲಭೂತ ಹಕ್ಕಿನ ಪ್ರಶ್ನೆ.

ಬೇಕೆಂದೇ ಎಡವಿಸುವ ವೆಬ್‌ಸೈಟ್‌ಗಳೂ ಇವೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪುಟದಲ್ಲಿ ಬೆಲೆ ಏರಿಸುವುದು, ಚಂದಾ ನಿಲ್ಲಿಸುವ ದಾರಿಯನ್ನು ಬಚ್ಚಿಡುವುದು. ಇಂಥ 13 ಬಗೆಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ನಿಮಗೆ ಹೀಗಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಇಷ್ಟೆಲ್ಲ ತೊಡಕುಗಳನ್ನು ಪತ್ತೆ ಮಾಡುವುದಕ್ಕೆ ದೊಡ್ಡ ಹಣ ಬೇಕೇ? ಬೇಡ. ಡೆನ್ಮಾರ್ಕ್ ಮೂಲದ ಬಳಕೆಯ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲಿ ಬರೆದ ಒಂದು ಲೇಖನ ಇವತ್ತಿಗೂ ಈ ಕ್ಷೇತ್ರದ ಜನರ ಬಾಯಲ್ಲಿದೆ. ಅವರ ಲೆಕ್ಕದಲ್ಲಿ ಐದು ಜನರನ್ನು ಕೂರಿಸಿ ಬಳಸಲು ಹೇಳಿದರೆ ಸುಮಾರು ಶೇಕಡಾ 85ರಷ್ಟು ತೊಂದರೆಗಳು ಕಣ್ಣಿಗೆ ಬೀಳುತ್ತವೆ. ಹದಿನೈದು ಜನರನ್ನು ಒಂದೇ ಸಲ ಕರೆಯುವುದಕ್ಕಿಂತ, ಐದು ಜನರನ್ನು ಕರೆದು, ಕಂಡದ್ದನ್ನು ಸರಿಪಡಿಸಿ, ಮತ್ತೆ ಬೇರೆ ಐದು ಜನರನ್ನು ಕರೆಯುವುದು ಮೇಲು ಎಂದು ಅವರು ಹೇಳಿದರು. ಆ ಲೆಕ್ಕವನ್ನು ಪ್ರಶ್ನಿಸಿದವರಿದ್ದಾರೆ. ಯಾರನ್ನೂ ಕರೆಯದೆ ಇರುವುದಕ್ಕಿಂತ ಐವರನ್ನು ಕರೆಯುವುದು ಎಷ್ಟೋ ಪಾಲು ವಾಸಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ನಮ್ಮ ಮಟ್ಟಿಗೆ ಆ ಐವರು ಯಾರಾಗಬೇಕು? ಕಚೇರಿಯ ಪಕ್ಕದ ಮೇಜಿನವರಲ್ಲ. ಇಂಗ್ಲಿಷ್ ಓದಲಾಗದ ಒಬ್ಬ ರೈತ. ಅರವತ್ತು ದಾಟಿದ ಒಬ್ಬರು. ಫೋನು ಓದಿ ಹೇಳುವುದನ್ನು ಕೇಳಿಕೊಂಡೇ ಕೆಲಸ ಮಾಡುವ, ದೃಷ್ಟಿಯಿಲ್ಲದ ಒಬ್ಬ ಪದವೀಧರೆ. ಪರದೆ ಒಡೆದ ಹಳೆಯ ಫೋನು ಇಟ್ಟುಕೊಂಡ ಒಬ್ಬ ವಿದ್ಯಾರ್ಥಿ. ಸಾಧ್ಯವಾದರೆ ಸೈಬರ್ ಸೆಂಟರ್ ನಡೆಸುವ ಒಬ್ಬರು, ಏಕೆಂದರೆ ಯಾವ ಪುಟದಲ್ಲಿ ಜನ ಸಿಕ್ಕಿಕೊಳ್ಳುತ್ತಾರೆ ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಅವರ ಸ್ವಂತ ಫೋನಿನಲ್ಲಿ, ಅವರ ಊರಿನ ನೆಟ್‌ವರ್ಕ್‌ನಲ್ಲಿ ಅರ್ಜಿ ತುಂಬಲು ಹೇಳಿ. ಅವರ ಸಮಯಕ್ಕೆ ಹಣ ಕೊಡಿ. ಪಕ್ಕದಲ್ಲಿ ಕೂತು ನೋಡಿ, ಹೇಳಿಕೊಡಬೇಡಿ. ಇದು ಕಷ್ಟ. ಅವರು ತಪ್ಪು ಗುಂಡಿಯ ಕಡೆ ಬೆರಳು ಒಯ್ಯುವಾಗ ‘ಅಲ್ಲಲ್ಲ, ಆ ಕಡೆ’ ಎನ್ನಲು ನಾಲಿಗೆ ತುರಿಸುತ್ತದೆ. ಹೇಳಿದರೆ ಪರೀಕ್ಷೆ ಮುಗಿದಂತೆ. ಎಲ್ಲಿ ಬೆರಳು ನಿಂತಿತು, ಎಲ್ಲಿ ಹುಬ್ಬು ಗಂಟಾಯಿತು, ಎಲ್ಲಿ ಹಿಂದಕ್ಕೆ ಹೋದರು, ಬರೆದುಕೊಳ್ಳಿ. ಇಬ್ಬರು ಒಂದೇ ಜಾಗದಲ್ಲಿ ತಡೆದರೆ ಅದನ್ನು ಆ ವಾರವೇ ಸರಿಪಡಿಸಿ, ಮುಂದಿನ ವಾರ ಬೇರೆ ಐವರನ್ನು ಕರೆಯಿರಿ.

ಟೆಂಡರ್ ಕರೆಯುವ ಅಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ ಇದೆ. ಎಷ್ಟು ಪುಟ, ಎಷ್ಟು ಸರ್ವರ್ ಎಂದು ಕರಾರಿನಲ್ಲಿ ಬರೆಯುವಾಗ ಈ ಐವರ ಪರೀಕ್ಷೆಯನ್ನೂ ಒಂದು ಷರತ್ತಾಗಿ ಬರೆಯಿರಿ. ಯಾರ ನೆರವೂ ಇಲ್ಲದೆ ಅವರು ಕನ್ನಡದಲ್ಲಿ ಅರ್ಜಿ ತುಂಬಿ, ಸಲ್ಲಿಸಿ, ಸ್ವೀಕೃತಿ ಸಂಖ್ಯೆ ಪಡೆದ ಮೇಲೆಯೇ ಗುತ್ತಿಗೆದಾರರ ಕೊನೆಯ ಕಂತಿನ ಬಿಲ್ಲಿಗೆ ಸಹಿ ಹಾಕಿ.